ಕರಕರ ಹೋಗ್ಬೇಕಂದ್ರ ಹಿಡಿ ದೊಡ್ಡದು ಮಾಡ್ರಿ

ಬೇರೆಯವರ ಕೆಲಸದಲ್ಲಿ ತಪ್ಪಾದರೆ ಅದು ನಾಲ್ಕು ಮಂದಿಯ ಕಣ್ಣಿಗೆ ಬೀಳುತ್ತದೆ. ನನ್ನ ಕೆಲಸದಲ್ಲಿ ತಪ್ಪಾದರೆ ಇಡೀ ಊರಿಗೆ ಕೇಳಿಸುತ್ತದೆ. ಅದೂ ದಿನಕ್ಕೆ ಹತ್ತು ಸಲ, ಲೌಡ್‌ಸ್ಪೀಕರಿನ ಭೋಂಗಾದಲ್ಲಿ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ, ಇನ್ನೂ ನಡೆಯುತ್ತಲೇ ಇದೆ, ನನಗೂ ಒಂಥರ ರೂಢಿಯಾಗಿದೆ.

ಜೇವರ್ಗಿಯಲ್ಲಿ ನನ್ನದೊಂದು ರೆಕಾರ್ಡಿಂಗ್ ಸ್ಟುಡಿಯೋ ಇದೆ. ಸ್ಟುಡಿಯೋ ಎಂದರೆ ನೀವು ಟೀವಿಯಲ್ಲಿ ನೋಡಿದಂಥದ್ದಲ್ಲ, ನಮ್ಮ ಮನೆ ಮಾಳಿಗೆಯ ಮೇಲಿನ ಒಂದು ಖೋಲಿ. ಬೀಜ-ಗೊಬ್ಬರದ ಅಂಗಡಿ, ಕೋಚಿಂಗ್ ಕ್ಲಾಸು, ಗಾಣಗಾಪುರದ ಲಾಡ್ಜು, ಹೀಗೆ ಯಾರು ಹೇಳಿದರೂ ಅವರ ಪ್ರಚಾರವನ್ನು ನನ್ನ ದನಿಯಲ್ಲಿ ಮುದ್ರಿಸಿ, ಆಟೋದ ಮೇಲೆ ಕಟ್ಟಿದ ಭೋಂಗಾದಿಂದ ಊರೂರಿಗೆ ಕೇಳಿಸುವುದು ನನ್ನ ಕಸುಬು. ಬಾಗಿಲ ಮೇಲೆ 'ಸೌಂಡ್ ಎಕ್ಸ್‌ಪರ್ಟ್' ಎಂದು ಬರೆಸಿದ್ದೇನೆ. ಬರೆಸಿದವನೂ ನಾನೇ, ಹಾಗೆ ಕರೆದವನೂ ನಾನೇ. ಆ ಬೋರ್ಡಿನ ಮರ್ಯಾದೆ ಒಂದೇ ವಾರದಲ್ಲಿ ಹೇಗೆ ಹೋಯಿತು ಎನ್ನುವುದನ್ನು ಹೇಳುತ್ತೇನೆ.

೧. ಖಾಲಿ ಟ್ರೇ

ಮೊದಲು ಖೋಲಿಯ ವಿಷಯ. ಗೋಡೆ ಬರಿದಾಗಿದ್ದರೆ ದನಿ ಗುಂಯ್‌ಗುಡುತ್ತದೆ, ತತ್ತಿ ಇಡುವ ಟ್ರೇಗಳನ್ನು ಗೋಡೆಗೆ ಬಡಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ನಾನು ಕಲಬುರಗಿಗೆ ಹೋಗಿ ಅರವತ್ತು ಟ್ರೇ ಹೊತ್ತು ಬಸ್ಸಿನಲ್ಲಿ ಬಂದೆ. ನಮ್ಮದು ತತ್ತಿ-ಮಾಂಸ ಮುಟ್ಟದ ಶರಣರ ಮನೆತನ, ಓಣಿಯೂ ಅಂಥದ್ದೇ. ಬಸ್‌ಸ್ಟ್ಯಾಂಡಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ಎಷ್ಟು ಬಾಗಿಲು ತೆರೆದವು, ಎಷ್ಟು ಕಿಟಕಿಯಿಂದ ಮುಖ ಹೊರಬಂದವು ಎಂಬುದನ್ನು ನಾನು ಎಣಿಸಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಹೆಂಡತಿ ಹೊಸ್ತಿಲ ಮೇಲೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಅವು ಒಳಗ ಬಂದ್ರ ನಾ ಹೊರಗ."

"ಖಾಲಿ ಅವ ಬೇ! ಒಂದು ತತ್ತಿ ಇಲ್ಲ, ನೋಡು," ಎಂದು ಒಂದೊಂದೇ ಟ್ರೇ ಎತ್ತಿ ತೋರಿಸಿದೆ.

"ಅದಽ ನಾನೂ ಅನ್ನಾಕತ್ತೇನಿ. ಖಾಲಿ ಅವ. ಅರವತ್ತು ಟ್ರೇ ತತ್ತಿ ಎಲ್ಲಿ ಹೋದುವು ಅಂತ ಕೇಳ್ತಾರ ಮಂದಿ."

ಟ್ರೇ ವಾಪಸು ಹೋದವು. ಅವುಗಳ ಬದಲು ಹಳೆ ಸೀರೆ, ಹಳೆ ಧೋತರ ಸೇರಿಸಿ ನಮ್ಮವ್ವ ಹೊಲಿದಿಟ್ಟಿದ್ದ ಏಳು ಕೌದಿಗಳು ಗೋಡೆಗೆ ಏರಿದವು. ಎಂಟನೆಯದನ್ನು ಖೋಲಿಯ ನಡುವೆ ಪರದೆಯಂತೆ ಇಳಿಬಿಟ್ಟೆ. ಪರದೆಯ ಆಚೆ ಹಾಡುವವರು, ಮೈಕು. ಈಚೆ ಕಂಪ್ಯೂಟರು, ನಾನು. ಆ ಪರದೆಯನ್ನು ನೆನಪಿಡಿ, ಅದು ಇಲ್ಲದೇ ಇದ್ದರೆ ನಾನು ಇಷ್ಟು ದೊಡ್ಡ ಪೆದ್ದನಾಗುತ್ತಿರಲಿಲ್ಲ.

ಈಗಲೂ ಓಣಿಯಲ್ಲಿ ನನಗೆ ಜ್ವರ ಬಂದರೆ, "ಅರವತ್ತು ಟ್ರೇ ಅಂದ್ರ ಕಮ್ಮಿ ಏನ್ರಿ? ಉಷ್ಣ ಆಗದ ಬಿಡ್ತದೇನು?" ಎನ್ನುವವರಿದ್ದಾರೆ.

೨. ಆಯಿ ಬಂದಳು

ನಮ್ಮ ಓಣಿಯ ಕೊನೆಯ ಮನೆಯಾಕೆ ಒಂದು ಭಾನುವಾರ ಬೆಳಿಗ್ಗೆ ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ಆಯಿ, ಅಂದರೆ ಆ ಅಜ್ಜಿ, ನಿಂಬರ್ಗಾದವಳು. ಗಂಡ ಮುತ್ಯಾನನ್ನು ತೊಗರಿ ರಾಶಿ ಕಾಯಲು ಬಿಟ್ಟು ಮಗಳ ಮನೆಗೆ ಬಂದಿದ್ದಳು.

"ತಮ್ಮಾ, ಕೊಳ್ಳಾಗ ಗಂಟಾಗ್ಯದಂತ," ಎಂದಳು ಆಯಿ, ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ. "ಬರೋ ಸೋಮ್ವಾರ ಕಲಬುರಗ್ಯಾಗ ಕೊಯ್ತಾರ. ಆಮ್ಯಾಲ ದನಿ ಹ್ಯಾಂಗಿರ್ತದ ಅಂತ ಡಾಕ್ಟರಿಗೂ ಗೊತ್ತಿಲ್ಲಂತ. ಮೊಮ್ಮಗಳು ಬಸುರಿ ಇದ್ದಾಳ. ನಮ್ಮ ಮನ್ಯಾಗಿನ ಕೂಸೆಲ್ಲ ನನ್ನ ಬೀಸೋ ಪದಾ ಕೇಳೇ ಮಲಗ್ಯಾವ. ಇದೊಂದು ಕೂಸಿಗಿ ನಾ ಯಾಕ ಕಮ್ಮಿ ಮಾಡ್ಲಿ?"

ಬೀಸುವ ಕಲ್ಲು ತಿರುವುತ್ತ ಹೆಂಗಸರು ಹಾಡುವ ಪದ ಅದು. ನಮ್ಮವ್ವನೂ ಹಾಡುತ್ತಿದ್ದಳು. ಅವ್ವನ ನೆನಪಾದಾಗ ನಾನು ಹೆಚ್ಚು ಮಾತಾಡುತ್ತೇನೆ, ಅದೊಂದು ದುರ್ಗುಣ.

"ಕಲ್ಲು ತರಸ್ಲೇನು? ಮಗಳ ಮನ್ಯಾಗ ಅದ," ಎಂದಳು ಆಯಿ.

"ಬ್ಯಾಡ್ರಿ ಆಯಿ! ಕಲ್ಲಿನ ಸದ್ದು ಬಂದ್ರ ಪದಾ ಕೆಡ್ತದ. ಒಂದು ಕರಕರ ಇರಲಾರದಂಗ, ಕನ್ನಡಿ ಹಂಗ ಮಾಡಿಕೊಡ್ತೇನಿ."

"ಕಲ್ಲಿಲ್ಲದ ಬೀಸೋ ಪದಾ ಹ್ಯಾಂಗೋ ತಮ್ಮಾ?"

"ಈಗ ಎಲ್ಲಾ ಹಂಗೇರಿ. ಡಿಜಿಟಲ್."

ಮೊದಲ ಸಲ ಮನೆಗೆ ಬಂದ ಮುತ್ತೈದೆಗೆ ಹೋಗುವಾಗ ಉಡಿ ತುಂಬುವುದು ವಾಡಿಕೆ. ಆದರೆ ನನ್ನ ಹೆಂಡತಿ ಅಂದು ಅಫಜಲಪುರದ ತವರಿಗೆ ಹೋಗಿ ಸಂಜೆಗೆ ಮರಳುವವಳಿದ್ದಳು, ಬಸ್ಸಿನ ಹೊತ್ತಾಗಿತ್ತು. ಹಾಗಾಗಿ ಆಯಿಯನ್ನು ಕೆಳಗೆ ಕರೆದು, ಕುಂಕುಮ ಹಚ್ಚಿ, ಐದು ಹಿಡಿ ಜೋಳ, ಒಂದು ಕೊಬ್ಬರಿ ಬಟ್ಟಲು, ಎಲೆ-ಅಡಿಕೆ ಸೆರಗಿಗೆ ಹಾಕಿ ಮೊದಲೇ ಉಡಿ ತುಂಬಿ ಹೊರಟುಹೋದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ.

ಆಯಿ ಪರದೆಯ ಆಚೆ ಕೂತಳು. ಎರಡು ಸಲ ಕೆಮ್ಮಿದಳು, ಆಮೇಲೆ ಪದ ಹಿಡಿದಳು. ಭೀಮಾ ನದಿ ದಾಟಿ ತಂಗಿಯ ಮನೆಗೆ ಬರುವ ಅಣ್ಣನ ಪದ. ನಾನು ಹೆಡ್‌ಫೋನ್ ತೆಗೆದಿಟ್ಟು ಕೌದಿಗೆ ಕಿವಿ ಹಚ್ಚಿ ಕೂತುಬಿಟ್ಟೆ. ಎಕ್ಸ್‌ಪರ್ಟ್ ಆದವನು ಹೆಡ್‌ಫೋನ್ ತೆಗೆಯಬಾರದು. ಆದರೆ ಆ ದನಿಯನ್ನು ಬರಿಗಿವಿಯಿಂದ ಕೇಳಬೇಕು ಅನ್ನಿಸಿತು.

ಹಾಡು ಮುಗಿದ ಮೇಲೆ ಹಾಕಿ ಕೇಳಿದರೆ ಪದದುದ್ದಕ್ಕೂ ಪಟಪಟ, ಕರಕರ! "ಆಯಿ, ನಿಮ್ಮದೇನು ತಪ್ಪಿಲ್ಲ. ನಮ್ಮ ಕಂಪ್ಯೂಟರ್ದಾಗ ಜರಾ ಕಚರಾ ಅದ. ಎರಡು ದಿನದಾಗ ತೆಗೆದು ಕೊಡ್ತೇನಿ," ಎಂದೆ.

ಆಯಿ ಎದ್ದು ಸೆರಗು ಸರಿ ಮಾಡಿಕೊಳ್ಳುತ್ತ ಅಂದಳು, "ಮಂದಿ ಬರೋಕಿಂತ ಮೊದಲ ಕಸಾ ಹೊಡೀಬೇಕಿಲ್ಲೋ ತಮ್ಮಾ?"

೩. ಹಿಡಿ

ಇಂಥ ಹೊತ್ತಿನಲ್ಲಿ ನಾನು ಫೋನು ಮಾಡುವುದು ಆಳಂದದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮಾಸ್ತರರಿಗೆ. ಅವರು ಏನನ್ನೇ ಹೇಳಲಿ, ಹೊಲ-ಮನೆಯ ಭಾಷೆಯಲ್ಲಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಮಾಳಿಗೆಯ ಮೂಲೆಯಲ್ಲಿ ಮಾತ್ರ, ಅದೂ ಒದರಿದರೆ. ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ಫೋನು ಹಚ್ಚಿದೆ.

"ಬಫರ್ ಎಷ್ಟು ಇಟ್ಟೀರಿ?" ಎಂದು ಕೇಳಿದರು ಮಾಸ್ತರು.

"ಎಲ್ಲಾಕಿಂತ ಸಣ್ಣದು."

"ಅದಽ ಮತ್ತ! ಬಫರ್ ಅಂದ್ರ ಬೀಸೋ ಕಲ್ಲಿಗಿ ಕಾಳು ಹಾಕೋ ಹಿಡಿ ಇದ್ದಂಗ್ರಿ. ಕಂಪ್ಯೂಟರ್ ಸದ್ದನ್ನ ಹಿಡಿ ಹಿಡಿ ಮಾಡಿ ಸ್ಪೀಕರಿಗಿ ಹಾಕ್ತದ. ಹಿಡಿ ಸಣ್ಣದಾದ್ರ ಕಲ್ಲು ಖಾಲಿ ತಿರಗ್ತದ, ಕರಕರ ಅಂತದ. ಹಿಡಿ ದೊಡ್ಡದು ಮಾಡ್ರಿ."

ಬೀಸುವ ಕಲ್ಲು, ಕಾಳು, ಹಿಡಿ. ದೇವರು ಮಾಸ್ತರರ ಬಾಯಿಂದ ಉತ್ತರವನ್ನೇ ಹೇಳಿಸಿದ್ದ. ನನ್ನ ಬುದ್ಧಿಗೆ ಅದು ಹೋಲಿಕೆ ಎಂದಷ್ಟೇ ತಿಳಿಯಿತು.

"ಅಂದ್ರ ಆಯಿದು ಕರಕರ ಹೋಗ್ಬೇಕಂದ್ರ ಹಿಡಿ ದೊಡ್ಡದು ಮಾಡ್ಬೇಕ್ರೀ?" ಎಂದು ಊರಿಗೆಲ್ಲ ಕೇಳುವಂತೆ ಒದರಿದೆ.

ಹಿಡಿ ದೊಡ್ಡದು ಮಾಡಿ ಕೇಳಿದೆ. ಪಟಪಟ ಹೋಯಿತು. ಕರಕರ ಹಾಗೇ ಉಳಿಯಿತು. ಅರ್ಧ ರೋಗ ವಾಸಿಯಾದರೆ ಡಾಕ್ಟರಿಗೆ ಎಷ್ಟು ಸೊಕ್ಕು ಬರುತ್ತದೋ ಅಷ್ಟು ಸೊಕ್ಕು ನನಗೂ ಬಂತು. ಪಟಪಟ ಕಂಪ್ಯೂಟರಿನದು ಎಂದ ಮೇಲೆ ಕರಕರವೂ ಕಂಪ್ಯೂಟರಿನದೇ ಎಂದು ತೀರ್ಪು ಕೊಟ್ಟುಬಿಟ್ಟೆ. ಬೇರೆ ಫೈಲು ಹಾಕಿ ನೋಡಿದ್ದರೆ ಒಂದು ನಿಮಿಷದಲ್ಲಿ ನಿಜ ಗೊತ್ತಾಗುತ್ತಿತ್ತು. ಅದು ಹೊಸಬರು ಮಾಡುವ ಕೆಲಸ ಎಂದು ಬಿಟ್ಟೆ.

ಊಟಕ್ಕೆ ಕೂತಾಗ ಹೆಂಡತಿ ರೊಟ್ಟಿ ಹಾಕುತ್ತ, "ಆಯಿ ಕರಕರಿ ಮಾಡಾಕತ್ತಾಳೇನ್ರಿ?" ಎಂದು ಕೇಳಿದಳು.

"ಹೂಂ. ಇನ್ನಾ ಹೋಗಿಲ್ಲ. ಹಿಡಿ ಇನ್ನೂ ದೊಡ್ಡದು ಮಾಡ್ಬೇಕಂತ."

ಅವಳು ಸ್ವಲ್ಪ ಮುಖ ಸಣ್ಣ ಮಾಡಿದಳು. ಆಮೇಲೆ, "ಆಗ್ಲಿ ಬಿಡ್ರಿ. ಈ ಸಲ ನಾ ನೋಡ್ಕೋತೇನಿ," ಎಂದಳು. ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ಹೆಂಡತಿಗೆ ನನ್ನ ಸಾಫ್ಟ್‌ವೇರಿನಲ್ಲಿ ಆಸಕ್ತಿ ಹುಟ್ಟಿತಲ್ಲ ಎಂದು ಖುಷಿಯಲ್ಲಿ ಇನ್ನೊಂದು ರೊಟ್ಟಿ ಹೆಚ್ಚಿಗೆ ತಿಂದೆ.

೪. ಹಳೇ ಡ್ರೈವರ್

ಮಂಗಳವಾರ ಮತ್ತೆ ಮಾಳಿಗೆಯ ಮೂಲೆ, ಮತ್ತೆ ಮಾಸ್ತರು.

"ಹಂಗಾದ್ರ ಡ್ರೈವರ್ ಹಳೀದಾಗಿರ್ಬೇಕು. ತೆಗೆದು ಹೊಸಾದು ಹಾಕ್ರಿ."

ಕಂಪ್ಯೂಟರಿಗೂ ಸ್ಪೀಕರಿಗೂ ನಡುವೆ ಮಾತು ಮುಟ್ಟಿಸುವ ಒಂದು ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ನಾನು ಒದರಿದೆ: "ಖರೇ ಅಂದ್ರಿ! ಡ್ರೈವರ್ ಭಾಳ ಹಳೀದಾಗ್ಯದ. ಬರೇ ಕರಕರ ಮಾಡ್ತದ. ಇವತ್ತೇ ಕಿತ್ತು ಒಗೀತೇನಿ. ಹೊಸಾದು ಪುಕ್ಕಟ ಸಿಗ್ತದ!"

ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ನನ್ನ ಪ್ರಚಾರದ ಆಟೋದ ಡ್ರೈವರ್. ಹದಿನೈದು ವರ್ಷದಿಂದ ನನ್ನ ದನಿಯನ್ನು ಜೇವರ್ಗಿಯಿಂದ ಗಾಣಗಾಪುರದ ತನಕ ಹೊತ್ತು ತಿರುಗಿದ ಮನುಷ್ಯ. ಆಟೋದ ಕೀಲಿಯನ್ನು ಮೆಟ್ಟಿಲ ಮೇಲಿಟ್ಟು ಇಳಿದುಹೋದ.

ನಾನು ಚಪ್ಪಲಿ ಸಹ ಮೆಟ್ಟದೆ ಬೆನ್ನು ಹತ್ತಿದೆ. ಚಹಾದ ಅಂಗಡಿಯ ಮುಂದೆ ಸಿಕ್ಕ.

"ತೆಗೀರಿ ಮಾಲಕ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ಹಳೀದು ಅಂದ್ರಲ್ಲ, ಅದು ಮನಸ್ಸಿಗಿ ಹತ್ತಿತು. ಹಳಬ ಅನ್ನಬೇಕಿತ್ತು. ನಾ ಮನಷ್ಯಾ ಇದ್ದೀನಿ, ಸಾಮಾನಲ್ಲ."

ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಕೈ ಹಿಡಿದು ಮಾಳಿಗೆಗೆ ಕರೆತಂದು, ಕಂಪ್ಯೂಟರಿನಲ್ಲಿ ಡ್ರೈವರ್ ಇರುವ ಜಾಗ ತೆಗೆದು ತೋರಿಸಿದೆ. ಅವನು ಬಗ್ಗಿ ಹೊತ್ತುಗಟ್ಟಲೆ ನೋಡಿದ.

"ಇದು ನಿಮ್ಮ ಕಂಪ್ಯೂಟರ್ ಓಡಸ್ತದೇನ್ರಿ?"

"ಹೂಂ."

"ಲೈಸೆನ್ಸ್ ಅದನ?"

ನಾನು ಚಹಾ ತರಿಸುವ ನೆವದಲ್ಲಿ ಎದ್ದು ಹೊರಗೆ ಹೋದೆ. ಆ ಸಾಫ್ಟ್‌ವೇರನ್ನು ನಾನು ಎಲ್ಲಿಂದ, ಹೇಗೆ ತಂದೆ ಎಂಬ ಮಾತು ಬೇರೆ ಯಾರಿಗೂ ತಿಳಿಯುವುದು ಬೇಡ.

೫. ಪೈಪು

ಹೊಸ ಡ್ರೈವರ್ ಬಂದರೂ ಕರಕರ ಹೋಗಲಿಲ್ಲ. ಕರೆಂಟಿನ ಕೆಲಸದವರು ಬಂದು ಗೋಡೆಗೆಲ್ಲ ಟೆಸ್ಟರ್ ಹಚ್ಚಿ ನೋಡಿ, "ಅರ್ಥಿಂಗ್ ಇಲ್ಲ," ಎಂದರು. ಮನೆಯ ಬದಿಗೆ ತಗ್ಗು ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಉಪ್ಪು, ಇದ್ದಿಲು ತುಂಬಿ, "ದಿನಾ ಮುಂಜಾನಿ ಒಂದು ಕೊಡ ನೀರು ಹಾಕ್ರಿ, ನೆಲ ಹಸೀ ಇರ್ಬೇಕು," ಎಂದು ಹೋದರು.

ನಾನು ಸ್ನಾನ ಮಾಡಿದ ಕೂಡಲೇ ಒದ್ದೆ ಪಂಚೆಯಲ್ಲೇ ಕೊಡ ಹಿಡಿದು ಹೋಗಿ, ನಿಧಾನವಾಗಿ, ಪೈಪಿನ ಸುತ್ತ ತಿರುಗುತ್ತ ನೀರು ಹಾಕುತ್ತಿದ್ದೆ. ತಿರುಗುತ್ತ ಯಾಕೆ ಅಂದರೆ, ಎಲ್ಲ ಕಡೆ ಸಮನಾಗಿ ನೆನೆಯಲಿ ಅಂತ. ಮನಸ್ಸಿನಲ್ಲಿ, 'ಇವತ್ತಾದರೂ ಹೋಗಲಪ್ಪ' ಎಂದುಕೊಳ್ಳುತ್ತಿದ್ದದ್ದೂ ಖರೆ. ತುಟಿ ಅಲ್ಲಾಡಿರಬಹುದು.

ಶುಕ್ರವಾರ ಬೆಳಿಗ್ಗೆ ಹೋಗಿ ನೋಡಿದರೆ ಪೈಪಿಗೆ ಕುಂಕುಮ, ಬುಡದಲ್ಲಿ ಎರಡು ದಾಸವಾಳ. ಪಕ್ಕದ ಮನೆಯಾಕೆ ಕೈ ಮುಗಿದು ನಿಂತಿದ್ದಳು. ಅಂಗೈ ಮೇಲಿನ ಲಿಂಗ ಬಿಟ್ಟು ಇನ್ನೊಂದಕ್ಕೆ ತಲೆಬಾಗದ ನನ್ನ ತಂದೆ ಇದನ್ನು ನೋಡಿದ್ದರೆ ನನ್ನನ್ನೇ ಆ ತಗ್ಗಿನಲ್ಲಿ ಹೂಳುತ್ತಿದ್ದ.

"ಇದು ದೇವ್ರಲ್ರಿ ಅಕ್ಕಾರ. ಅರ್ಥಿಂಗ್."

"ಹಂಗಂದ್ರ?"

"ಅರ್ಥ್ ಅಂದ್ರ ಭೂಮಿ. ಕರೆಂಟು ಭೂಮಿತಾಯಿ ಹೊಟ್ಟ್ಯಾಗ ಹೋಗ್ಲಿ ಅಂತ..."

"ಅದಽ ಮತ್ತ! ಭೂಮಿತಾಯಿ ಅಂತ ನೀವಽ ಅಂದ್ರಿ," ಎಂದು ಇನ್ನೊಮ್ಮೆ ಕೈ ಮುಗಿದಳು.

ಕರಕರ ಹೋಗಲಿಲ್ಲ. ಆದರೆ ಅದೇ ದಿನ ಆಕೆಯ ಸೊಸೆಗೆ ಅಂಗನವಾಡಿಯಲ್ಲಿ ಕೆಲಸ ಆಯಿತು. ಈಗ ನಮ್ಮ ಅರ್ಥಿಂಗಿಗೆ ಪ್ರತಿ ಶುಕ್ರವಾರ ಕಾಯಿ ಒಡೆಯುತ್ತಾರೆ.

೬. ಅಫಜಲಪುರದ ದೊಡ್ಡ ಸ್ಪೀಕರು

ನನ್ನ ಸ್ಪೀಕರೇ ಕೆಟ್ಟಿರಬಹುದೇ ಎಂಬ ಸಂಶಯ ಬಂತು. ಹೆಂಡತಿಯ ತಮ್ಮ ಅಫಜಲಪುರದಲ್ಲಿ ಮೈಕ್ ಸೆಟ್ ಬಾಡಿಗೆ ಕೊಡುತ್ತಾನೆ. ಅವತ್ತೇ ಮಧ್ಯಾಹ್ನ ಪೆನ್ ಡ್ರೈವಿನಲ್ಲಿ ಆಯಿಯ ಪದ ಹಾಕಿಕೊಂಡು ಹೋದೆ. ಅವನು ಆಳೆತ್ತರದ ಎರಡು ಸ್ಪೀಕರನ್ನು ಅಂಗಡಿಯ ಮುಂದೆ ರಸ್ತೆಗೆ ಮುಖ ಮಾಡಿ ಇಟ್ಟು ಜೋರಾಗಿ ಹಚ್ಚಿದ.

ಬಜಾರದ ಗದ್ದಲ ಒಮ್ಮೆಲೇ ತಗ್ಗಿತು. ಕಾಯಿಪಲ್ಯ ಮಾರುವ ಹೆಂಗಸರು ತಕ್ಕಡಿ ಕೆಳಗಿಟ್ಟರು. ಇಬ್ಬರು ಮೂವರು ಎದ್ದು ಅಂಗಡಿಯ ಮುಂದೆ ಬಂದು ನಿಂತರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮಾಮಾ, ಏನ್ ದನಿ ಐತಿ ಮಾರಾಯಾ!" ಎಂದ ಹೆಂಡತಿಯ ತಮ್ಮ.

"ದನಿ ಇರ್ಲಿ. ಕರಕರ ಕೇಳ್ತೇನು?"

ಅವನು ಉತ್ತರ ಕೊಡುವ ಮೊದಲೇ ಆ ಕಣ್ಣೊರೆಸಿಕೊಂಡಾಕೆ, "ಕೇಳ್ತಲ್ರಿ. ಕಾಳು ಬೀಸೋದು. ಎಷ್ಟು ಛಲೋ ಕೂಡ್ಯದ ಪದಕ್ಕ!" ಎಂದಳು.

ನಾನು ಎಕ್ಸ್‌ಪರ್ಟುಗಳು ನಗುವ ಹಾಗೆ ನಕ್ಕೆ. ಪಾಪ, ಏನು ಗೊತ್ತು ಆಕೆಗೆ ಎಂದು ಕನಿಕರ ಬಂತು.

"ಅದು ಬೀಸೋ ಕಲ್ಲಲ್ಲವ್ವಾ. ಡಿಜಿಟಲ್ ಡಿಸ್ಟಾರ್ಶನ್."

ಆಕೆ ಗೌರವದಿಂದ ತಲೆಯಾಡಿಸಿ ಕೇಳಿದಳು, "ಆ ಕಲ್ಲು ಯಾವ ಊರಾಗ ಸಿಗ್ತದ್ರಿ?"

೭. ಕೊಡ

ಶನಿವಾರ ಬಂತು. ಸೋಮವಾರ ಆಪರೇಷನ್. ನಾನು ಕೊನೆಯ ಅಸ್ತ್ರ ತೆಗೆದೆ. ಸಾಫ್ಟ್‌ವೇರಿನಲ್ಲಿ ಬೇಡದ ಸದ್ದು ತೆಗೆಯುವ ಒಂದು ಸೌಕರ್ಯ ಇದೆ. 'ಈ ಥರದ ಸದ್ದು ಬೇಡ' ಎಂದು ಒಂದು ಚೂರು ತೋರಿಸಿದರೆ ಅಂಥದ್ದನ್ನೆಲ್ಲ ಹುಡುಕಿ ತೆಗೆಯುತ್ತದೆ. ಸ್ವಲ್ಪ ತೆಗೆ ಎಂದರೆ ಸ್ವಲ್ಪ, ಪೂರಾ ತೆಗೆ ಎಂದರೆ ಪೂರಾ. ನಾನು ಪೂರಾ ತೆಗೆ ಎಂದೆ. ಕರಕರ ಹೋಯಿತು! ಆ ಸಂಭ್ರಮದಲ್ಲಿ ಹಳೆಯ ಫೈಲಿನ ಮೇಲೇ ಸೇವ್ ಮಾಡಿ, ಆಯಿಯ ಮಗಳನ್ನು ಕೂಗಿ ಕರೆದೆ.

ಆಕೆ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಹುಬ್ಬು ಮೇಲೇರಿದವು.

"ಅಣ್ಣಾರ, ನಮ್ಮವ್ವ ಕೊಡದಾಗ ಕುಂತು ಹಾಡ್ಯಾಳೇನ್ರಿ?"

ನಾನೂ ಕೇಳಿದೆ. ಹೌದು. ಕರಕರದ ಜೊತೆ ಆಯಿಯ ದನಿಯೂ ಮುಕ್ಕಾಲು ಹೋಗಿತ್ತು. ಉಳಿದದ್ದು ಕೊಡದೊಳಗಿನ ಗುಳುಗುಳು. ಅಫಜಲಪುರಕ್ಕೆ ಒಯ್ದ ಪೆನ್ ಡ್ರೈವ್ ನೆನಪಾಯಿತು. ಅದನ್ನು ಬೆಳಿಗ್ಗೆಯೇ ಅಳಿಸಿ, ತೊಗರಿ ಬೀಜದ ಪ್ರಚಾರ ತುಂಬಿ ಆಟೋಕ್ಕೆ ಕಳಿಸಿದ್ದೆ.

"ಇದ್ದದ್ದು ಇದ್ದಂಗ ಕೊಟ್ಟಿದ್ರ ಆಗ್ತಿತ್ತಲ್ರಿ ಅಣ್ಣಾರ," ಎಂದಳು ಆಕೆ. ಬೈಯಲಿಲ್ಲ. "ಸೋಮ್ವಾರ ಆದ ಮ್ಯಾಲ ಆ ದನಿ ಸಿಗ್ತದೋ ಇಲ್ಲೋ."

ಬೈದಿದ್ದರೆ ಹಗುರಾಗುತ್ತಿತ್ತು. ನನಗೆ ನಿಜಕ್ಕೂ ಅಳು ಬಂತು. "ನಾಳೆ ಒಂದು ದಿನ ಅದ. ಆಯಿನ್ನ ಇನ್ನೊಮ್ಮೆ ಕರಕೊಂಡು ಬರ್ರಿ, ಕೈ ಮುಗೀತೇನ್ರಿ," ಎಂದೆ. ಆಕೆ ಹೋದ ಮೇಲೆ ಮೆಟ್ಟಿಲು ಇಳಿದು ಹೋಗಿ, ಯಾರೂ ಇಲ್ಲದ್ದು ನೋಡಿ, ಪೈಪಿಗೂ ಒಮ್ಮೆ ಕೈ ಮುಗಿದೆ.

೮. ಉಡಿ

ಭಾನುವಾರ ನಾನು ಮಾಡದ ತಯಾರಿಯಿಲ್ಲ. ಹೊಸ ವೈರು, ಹೊಸ ಪ್ಲಗ್ಗು. ಫ್ಯಾನು ಬಂದ್, ಟ್ಯೂಬ್‌ಲೈಟು ಬಂದ್. ಪಕ್ಕದಾಕೆಗೆ ಮಿಕ್ಸಿ ಹಚ್ಚಬೇಡಿ ಎಂದು ಹೇಳಿಬಂದೆ. ಆಯಿ ಮಗಳ ಹೆಗಲು ಹಿಡಿದು ಬಂದಳು. ಮುಖ ಇಳಿದಿತ್ತು, ದನಿ ಹೋದ ವಾರಕ್ಕಿಂತ ಸ್ವಲ್ಪ ಸಣ್ಣದಾಗಿತ್ತು.

ಕೆಳಗೆ ನನ್ನ ಹೆಂಡತಿ, "ನಾಳಿ ದವಾಖಾನಿಗಿ ಹೊಂಟೀರಿ, ಹಂಗ ಕಳಸ್ತೀನೇನ್ರಿ?" ಎಂದು ಮತ್ತೊಮ್ಮೆ ಉಡಿ ತುಂಬಿದಳು. ಆಯಿ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ, ಪರದೆಯ ಆಚೆ ಕೂತಳು. ನಾನು ಈ ಸಲ ಹೆಡ್‌ಫೋನ್ ಬಿಗಿಯಾಗಿ ಹಾಕಿಕೊಂಡು ಕೂತೆ.

ಆಯಿ ಪದ ಹಿಡಿದಳು. ಕರಕರ! ಮೊದಲಿನ ಎರಡರಷ್ಟು!

ಮೈಕಿನ ವೈರೇ ಸಡಿಲಾಗಿರಬೇಕು ಎಂದು ನಾನು ಹಾರಿ ಎದ್ದೆ. ಹೆಡ್‌ಫೋನಿನ ವೈರು ಕಾಲಿಗೆ ಸುತ್ತಿತು, ಬೀಳುವಾಗ ಪರದೆ ಹಿಡಿದೆ, ಕೌದಿ ಹಗ್ಗದ ಸಮೇತ ನನ್ನ ಮೇಲೆ ಬಿತ್ತು. ಕೌದಿಯ ಕೆಳಗಿನಿಂದ ತಲೆ ಹೊರಹಾಕಿ ನೋಡಿದೆ.

ಆಯಿ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಒಂದು ಕೈ ಉಡಿಯ ಜೋಳದೊಳಗೆ ಗರಗರ ತಿರುಗುತ್ತಿತ್ತು, ಕಲ್ಲು ತಿರುವಿದ ಹಾಗೇ. ಇನ್ನೊಂದು ಕೈ ಹಿಡಿ ಜೋಳ ಎತ್ತಿ ಎತ್ತಿ ಅದರ ಮೇಲೆ ಹಾಕುತ್ತಿತ್ತು. ಮೈಕು ಮೊಳಕಾಲಿನಿಂದ ಒಂದು ಗೇಣು ದೂರ.

"ಆಯಿ," ಎಂದೆ, ಕೌದಿಯ ಒಳಗಿನಿಂದಲೇ. "ಹೋದ ವಾರನೂ ಹಿಂಗೇ ಮಾಡಿದ್ರೇನ್ರಿ?"

"ಮತ್ತ? ಕಲ್ಲು ತರಬ್ಯಾಡ ಅಂದಿ, ತರಲಿಲ್ಲ. ಕಾಳಾದ್ರೂ ಬ್ಯಾಡೇನು? ಬರೇಗೈಲೆ ಬೀಸೋ ಪದಾ ಬಾಯಿಗಿ ಹ್ಯಾಂಗ ಬರ್ತದೋ?"

ಬಫರು, ಡ್ರೈವರು, ಪೈಪು, ಅಫಜಲಪುರ ಎಲ್ಲ ಸಾಲಾಗಿ ಕಣ್ಣ ಮುಂದೆ ಹಾದುಹೋದವು. ಸದ್ದು ಕೇಳಿ ಓಡಿ ಬಂದ ಹೆಂಡತಿಯ ಕಡೆ ತಿರುಗಿದೆ.

"ಈ ಸಲ ಇಷ್ಟು ಜೋಳ ಯಾಕ ಹಾಕೀದಿ?"

"ನೀವಽ ಮಾಳಿಗಿ ಮ್ಯಾಲ ನಿಂತು ಒದರಿದ್ರಲ್ಲ, ಆಯಿದು ಕರಕರ ಹೋಗ್ಬೇಕಂದ್ರ ಹಿಡಿ ದೊಡ್ಡದು ಮಾಡ್ಬೇಕಂತ! ಉಡಿ ಕಮ್ಮಿ ಆಯ್ತು ಅಂತ ಆಯಿ ಕರಕರಿ ಮಾಡ್ಯಾಳ ಅಂತ ತಿಳದೆ. ನನಗೆಷ್ಟು ನಾಚಿಕಿ ಆಗಿತ್ತು ಗೊತ್ತದನು? ಹಿಡಿಗೊಂದು ಬೊಗಸಿ ಹಾಕೀನಿ."

ಇಲ್ಲಿಗೆ ನಕ್ಕು ಬಿಡಬೇಕಿತ್ತು. ಆದರೆ ನನ್ನೊಳಗಿನ ಎಕ್ಸ್‌ಪರ್ಟ್ ಇನ್ನೂ ಸತ್ತಿರಲಿಲ್ಲ. "ಕನ್ನಡಿ ಹಂಗ ಮಾಡಿಕೊಡ್ತೇನಿ ಅಂದೇನಿ, ಮಾಡೇ ಕೊಡ್ತೇನಿ," ಎಂದು ಆಯಿಯ ಉಡಿಯ ಜೋಳವನ್ನು ತಾಟಿಗೆ ಸುರುವಿಸಿ ಬದಿಗಿಟ್ಟೆ. "ಈಗ ಹಾಡ್ರಿ."

ಆಯಿ ಎರಡು ಸಾಲು ಹಾಡಿ ನಿಂತಳು. ಮತ್ತೆ ಮೊದಲಿಂದ ಹಿಡಿದಳು. ಅಣ್ಣ ಹೊಳೆಯ ದಂಡೆಗೆ ಬಂದ, ದಾಟಲಿಲ್ಲ. ಮೂರನೆಯ ಸಲ ಬರಿದಾದ ಮಡಿಲಿನಲ್ಲಿ ಕೈ ತಾನೇ ಸುತ್ತು ತಿರುಗಿತು, ಏನೂ ಸಿಗದೆ ಹಾಗೇ ನಿಂತಿತು.

"ಹೋತೋ ತಮ್ಮಾ," ಎಂದಳು ಆಯಿ ಮೆಲ್ಲಗೆ. "ನಾಳಿ ಹೋಗೋದು ಇವತ್ತೇ ಹೋತು."

ಮಗಳು ಮುಖ ಆಚೆ ತಿರುಗಿಸಿದಳು. ಇಪ್ಪತ್ತು ವರ್ಷದ ನನ್ನ ಜಾಣತನ ಒಬ್ಬ ಮುದುಕಿಯ ಪದ ಕಸಿದುಕೊಂಡಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಏನು ಮಾಡುತ್ತಿದ್ದೇನೆ ಎಂದು ಯೋಚಿಸದೆ ತಾಟು ಎತ್ತಿ, ಮೊಳಕಾಲೂರಿ, ಅಷ್ಟೂ ಜೋಳವನ್ನು ಬೊಗಸೆಯಲ್ಲಿ ತುಂಬಿ ತುಂಬಿ ಆಯಿಯ ಉಡಿಗೆ ಹಾಕಿದೆ.

"ಅಯ್ಯ ಶಿವನೇ!" ಎಂದು ಕೂಗಿದಳು ಹೆಂಡತಿ.

ಗಂಡಸರು ಉಡಿ ತುಂಬುವುದಿಲ್ಲ. ನಮ್ಮ ಕಡೆ ಯಾರೂ ತುಂಬಿದ್ದು ಕೇಳಿಲ್ಲ. ಆಯಿ ಉಡಿ ನೋಡಿದಳು, ನನ್ನನ್ನು ನೋಡಿದಳು, ಹೆಗಲ ಮೇಲಿನ್ನೂ ಜೋತಾಡುತ್ತಿದ್ದ ಕೌದಿ ನೋಡಿದಳು.

"ಇಷ್ಟು ವಯಸ್ಸಾಯ್ತು, ಗಂಡಸು ಉಡಿ ತುಂಬಿದ್ದು ಇವತ್ತೇ ಕಂಡೆ ನೋಡು. ಇದನ್ನೂ ಕಂಡ ಮ್ಯಾಲ ಆ ಡಾಕ್ಟರ್ ನನಗೇನು ಮಾಡ್ಯಾನು?" ಎಂದು ನಗಲು ಶುರು ಮಾಡಿದಳು. ಮಗಳೂ ನಕ್ಕಳು, ಹೆಂಡತಿಯೂ ನಕ್ಕಳು. ಆ ನಗುವಿನ ಬಾಲ ಹಿಡಿದೇ ಪದ ಬಂತು. ಕೈ ತಿರುಗಿತು, ಜೋಳ ಕರಕರ ಅಂದಿತು, ಅಣ್ಣ ಹೊಳೆ ದಾಟಿದ. ಮೈಕು ಚಾಲೂ ಇತ್ತು. 'ಅಯ್ಯ ಶಿವನೇ'ಯಿಂದ ಹಿಡಿದು ಕೊನೆಯ ಸಾಲಿನ ತನಕ ಎಲ್ಲ ಬಂತು. ನಾನು ಒಂದು ಚೂರೂ ಕತ್ತರಿಸದೆ ಹಾಗೇ ಕೊಟ್ಟೆ.

ಆಪರೇಷನ್ ಸುಸೂತ್ರವಾಯಿತು. ಆಯಿ ಈಗ ನಿಂಬರ್ಗಾದಲ್ಲಿ ಗಟ್ಟಿಯಾಗಿದ್ದಾಳೆ, ಮುತ್ಯಾನನ್ನು ಬೈಯುವುದು ರಸ್ತೆಯ ತನಕ ಕೇಳುತ್ತದಂತೆ. ಪದ ಮಾತ್ರ ಮೊದಲಿನಷ್ಟು ಏರುವುದಿಲ್ಲ, ದನಿಯಲ್ಲಿ ಸ್ವಲ್ಪ ಕರಕರ ಉಳಿದಿದೆ. ಅದನ್ನು ತೆಗೆದುಕೊಡುತ್ತೇನೆ ಎಂದು ನಾನು ಹೇಳಿಲ್ಲ.

ಕೂಸು ಹುಟ್ಟಿತು. ಹೋದ ತಿಂಗಳು ಆಯಿಯ ಮಗಳು ಒಂದು ಹೊಸ ಮೊಬೈಲು ಹಿಡಿದು ಮಾಳಿಗೆ ಹತ್ತಿ ಬಂದಳು.

"ಅಣ್ಣಾರ, ಹಳೇ ಮೊಬೈಲ್ ಕೆಟ್ಟದ. ಇದರಾಗ ಪದಾ ಬರ್ತದ, ಕರಕರ ಸಣ್ಣಗ ಕೇಳ್ತದ. ಕೂಸು ಮಲಗವಲ್ದು. ಜರಾ ಕರಕರ ಜಾಸ್ತಿ ಮಾಡಿಕೊಡ್ರಿ."

ಇಪ್ಪತ್ತು ವರ್ಷದಲ್ಲಿ ಕರಕರ ಬೇಕು ಎಂದು ಕೇಳಿಕೊಂಡು ಬಂದ ಮೊದಲ ಗಿರಾಕಿ. ಸಾಫ್ಟ್‌ವೇರಿನಲ್ಲಿ ಎಷ್ಟು ಹುಡುಕಿದರೂ ಅದನ್ನು ತೆಗೆಯುವ ದಾರಿಯಿದೆ, ಹಾಕುವ ದಾರಿಯಿಲ್ಲ. ಕೊನೆಗೆ ಖೋಲಿಯ ಬಾಗಿಲು ಮುಂದಕ್ಕೆಳೆದು, ಮೈಕಿನ ಮುಂದೆ ಚಕ್ಕಳ ಮಕ್ಕಳ ಹಾಕಿ ಕೂತು, ಲುಂಗಿಯ ಮಡಿಲಿನಲ್ಲಿ ಒಂದು ಸೇರು ಜೋಳ ಸುರುವಿಕೊಂಡೆ. ಹೆಡ್‌ಫೋನಿನಲ್ಲಿ ಆಯಿಯ ಪದ ಹಚ್ಚಿ, ಕಣ್ಣು ಮುಚ್ಚಿ, ಒಂದು ಕೈಯಲ್ಲಿ ತಿರುವುತ್ತ, ಇನ್ನೊಂದು ಕೈಯಲ್ಲಿ ಹಿಡಿ ಹಾಕುತ್ತ, ನನಗೇ ಗೊತ್ತಿಲ್ಲದೆ ಗುನುಗುತ್ತ ಕೂತಿದ್ದೆ.

ಕಣ್ಣು ತೆರೆದರೆ ಹೆಂಡತಿ ಪರದೆ ಸರಿಸಿ ನಿಂತಿದ್ದಳು. ನನ್ನ ಮಡಿಲು ನೋಡಿದಳು, ಮುಖ ನೋಡಿದಳು.

"ಹಂಗಽ ಕುಂದರ್ರಿ, ಏಳಬ್ಯಾಡ್ರಿ," ಎಂದಳು. "ಕುಂಕುಮ ತರ್ತೇನಿ. ಪೈಪಿಗೇ ಹಚ್ಚೇವಿ, ನಿಮಗ್ಯಾಕ ಬಿಡ್ಲಿ?"